ಎಡಗಡೆಯಿಂದ ಬಂದ ಪೆಟ್ಟು

ನಾನು ಅವರನ್ನು ಮೊದಲ ಸಲ ಕಂಡಾಗ ಅವರು ಪೆಟ್ಟು ತಿನ್ನುತ್ತಿದ್ದರು. ಹೊಲದ ಬದುವಿನ ಮೇಲೆ ಮಂಡಿಯೂರಿದ್ದರು. ಬಡಿಗೆ ಇಳಿಯುವ ಕ್ಷಣಕ್ಕೆ ಸರಿಯಾಗಿ ಕತ್ತು ಹೊರಳಿತು, ದವಡೆ ಸಡಿಲಾಯಿತು, ಬಾಯಿಂದ ಒಂದು ಸದ್ದು ಬಂತು. ಗಾಳಿ ತುಂಬಿದ ಚೀಲವನ್ನು ಯಾರೋ ತುಳಿದಂತೆ. ಬೋರಲಾಗಿ ಬಿದ್ದರು. ಬಿದ್ದ ಮೇಲೂ ಬಲಗೈಯ ಬೆರಳುಗಳು ಮಣ್ಣು ಕೆರೆಯುತ್ತಿದ್ದವು. ನನ್ನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

ಹೀಗೆಂದು ನೆನಪು ಹೇಳುತ್ತದೆ. ಆಗಿನ ನೋಟುಪುಸ್ತಕ ಬೇರೆ ಹೇಳುತ್ತದೆ. ಅದರ ಪ್ರಕಾರ ಮೊದಲ ದಿನ ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದರು. ನನ್ನನ್ನು ನೋಡಿ, "ಯಾರ ಪೈಕಿ ಯವ್ವಾ ನೀ?" ಎಂದು ಕೇಳಿದರು. ಪೆಟ್ಟು ತಿಂದದ್ದು ಮೂರನೆಯ ದಿನ. ಪೆನ್ನು ಬಿದ್ದ ಬಗ್ಗೆ ಏನೂ ಇಲ್ಲ. ನೆನಪಿಗೂ ಬರಹಕ್ಕೂ ತಂಟೆ ಬಂದಾಗ ನಾನು ಬರಹದ ಪರವಾಗಿ ನಿಲ್ಲುತ್ತೇನೆ. ಆದರೆ ಅವರು ಇಲ್ಲವಾದ ಮೇಲೆ ಕಣ್ಣಿಗೆ ಮೊದಲು ಬರುವುದು ಆ ಚಹಾ ಅಲ್ಲ, ಆ ಬೆರಳುಗಳು.

ಅವರ ಹೆಸರು ಬರೆಯುವುದಿಲ್ಲ. ಹೊನವಾಡದಲ್ಲಿರುವ ಅವರ ಮನೆಯವರು ಬೇಡ ಎಂದಿದ್ದಾರೆ. ನಾವೆಲ್ಲ ಕಾಕಾ ಎನ್ನುತ್ತಿದ್ದೆವು, ಹಾಗೆಯೇ ಬರೆಯುತ್ತೇನೆ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು, ವಿಜಯಪುರದ ಜಲನಗರದಲ್ಲಿದ್ದೇನೆ. ಟೀವಿಯವರು ಒಂದು ಕೊಲೆ ಮೊಕದ್ದಮೆಯ ಧಾರಾವಾಹಿ ತೆಗೆಯಲು ಬಂದಾಗ ನನಗೆ ಅಲ್ಲಿ ಬರೆದುಕೊಳ್ಳುವ ಕೆಲಸ ಸಿಕ್ಕಿತು. ಯಾರು ಯಾವ ಕಡೆಯಿಂದ ಬಂದರು, ಯಾವ ಕೈಯಲ್ಲಿ ಏನಿತ್ತು, ಸೆರಗು ಯಾವ ಭುಜದ ಮೇಲಿತ್ತು, ಎಲ್ಲವನ್ನೂ ಗುರುತು ಹಾಕಬೇಕು. ಅದೇ ದೃಶ್ಯವನ್ನು ಇನ್ನೊಂದು ದಿನ ತೆಗೆದರೂ ಹೊಂದಬೇಕು. ಟಿಕೋಟಾದ ಹೊರಗೆ, ಒಣದ್ರಾಕ್ಷಿ ಇಡುತ್ತಿದ್ದ ಹಳೆಯ ಶೆಡ್ಡಿನೊಳಗೆ ನ್ಯಾಯಾಲಯ ಕಟ್ಟಿದ್ದರು. ಕಟಕಟೆ, ನ್ಯಾಯಾಧೀಶರ ಪೀಠ ಎಲ್ಲ ಹೊಸ ಮರದ್ದು. ನೆಲ ಮಾತ್ರ ಹಳೆಯದು, ನಡೆದರೆ ಚಪ್ಪಲಿಗೆ ಅಂಟುತ್ತಿತ್ತು. ದ್ರಾಕ್ಷಿಗೆ ಹಿಡಿಸುತ್ತಿದ್ದ ಗಂಧಕದ ವಾಸನೆ ಇನ್ನೂ ಹೋಗಿರಲಿಲ್ಲ. ಶೆಡ್ಡಿನ ಹಿಂದಿನ ಬದುವಿನ ಮೇಲೆ ಕೊಲೆ ನಡೆಯುತ್ತಿತ್ತು.

ಕಥೆ ಸರಳ. ಒಬ್ಬ ರೈತನನ್ನು ಅವನ ದಾಯಾದಿ ಬಡಿಗೆಯಿಂದ ಹೊಡೆದು ಕೊಂದಿದ್ದಾನೆ. ಐದು ಜನ ಸಾಕ್ಷಿಗಳು. ಒಬ್ಬೊಬ್ಬರು ಕಟಕಟೆಗೆ ಬಂದು ಹೇಳಿದಾಗಲೂ ಅವರು ಹೇಳಿದಂತೆಯೇ ಆ ಕೊಲೆಯನ್ನು ಮತ್ತೆ ತೋರಿಸಬೇಕು. ಕೊಲೆಯಾದವನ ಪಾತ್ರ ಕಾಕಾನದು. ಅಂದರೆ ಅವರು ಐದು ಸಲ, ಐದು ಬಗೆಯಲ್ಲಿ ಸಾಯಬೇಕಿತ್ತು.

"ಒಂದ ಸಾವು ಎಲ್ಲಾರಿಗೂ ಐತಿ," ಅನ್ನುತ್ತಿದ್ದರು. "ಐದು ಸಾವು ನನಗಷ್ಟ ಕೊಟ್ಟಾರ."

ಅವರು ನಾಟಕ ಕಂಪನಿಯವರು. ಮೂವತ್ತು ವರ್ಷ ಖಳನಾಯಕನ ಪಾತ್ರ. ನಾಯಕ ಪಾತ್ರ ಮಾಡುತ್ತಿದ್ದವನಿಗೆ ಕುಡಿಯುವ ಚಟವಿತ್ತಂತೆ, ಕುಡಿದಾಗ ಅವನ ಕೈಗೆ ಅಳತೆ ಇರುತ್ತಿರಲಿಲ್ಲ. ಒಂದು ಸಲ ಬಬಲೇಶ್ವರದ ಕಡೆಯ ಹಳ್ಳಿಯೊಂದರಲ್ಲಿ ನಾಯಕನ ಏಟು ನಿಜವಾಗಿಯೇ ಇವರ ಎಡಗಿವಿಯ ಮೇಲೆ ಬಿತ್ತು. ಒಳಗೆ ಏನೋ ಹರಿದಂತಾಯಿತು, ಕಾಲರಿನ ಮೇಲೆ ರಕ್ತ ಇಳಿಯಿತು. ಜನ ಎದ್ದು ನಿಂತು ಒನ್ಸ್ ಮೋರ್ ಕೂಗಿದರು. ಕಂಪನಿಯಲ್ಲಿ ಒನ್ಸ್ ಮೋರ್ ಬಂದರೆ ದೃಶ್ಯವನ್ನು ಮತ್ತೆ ಮಾಡಲೇಬೇಕು. ನಾಯಕ ಮತ್ತೆ ಕೈ ಎತ್ತಿದ.

"ಅದ ಕಿವೀಗೇನು ಕಾಕಾ?" ಎಂದು ಕೇಳಿದ್ದಳು ಕಸ್ತೂರಿಬಾಯಿ. ಟಿಕೋಟಾದವಳು, ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುವವಳು. ಧಾರಾವಾಹಿಯಲ್ಲಿ ಸತ್ತವನ ಹೆಂಡತಿ.

"ಮತ್ತ? ಬ್ಯಾರೆ ಕಿವಿ ಒಡ್ಡಾಕ ಬರತೈತೇನ ಬೇ? ಜನಾ ನೋಡ್ಯಾರಲ್ಲ, ಯಾವ ಕಡೆ ಅಂತ."

ಇದನ್ನು ಅವರು ನಗುತ್ತಲೇ ಹೇಳಿದರು. ಆಮೇಲೆ ಆ ಕಿವಿ ಹೋಯಿತು. ಎಡಗಡೆಯಿಂದ ಯಾರು ಮಾತನಾಡಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಮೊದಲ ದಿನವೇ ಎಲ್ಲರಿಗೂ ಒಂದು ನಿಯಮ ಹಾಕಿದರು: ಹೊಡೆಯುವವನು ಯಾವಾಗಲೂ ಬಲಗಡೆಯಿಂದಲೇ ಬರಬೇಕು. ಸಾಕ್ಷಿ ಏನೇ ಹೇಳಲಿ, ಕತೆ ಎಷ್ಟೇ ಬದಲಾಗಲಿ, ಬಲಗಡೆಯಿಂದಲೇ. ಹೆಜ್ಜೆಯ ಸದ್ದು ಕೇಳಬೇಕು, ಕೇಳಿದ ಮೇಲೆ ಅವರು ಉಸಿರು ಬಿಡಬೇಕು, ಆ ಉಸಿರಿನ ಮೇಲೆ ಬಡಿಗೆ ಇಳಿದು ತಲೆಯಿಂದ ನಾಲ್ಕು ಬೆರಳು ದೂರ ನಿಲ್ಲಬೇಕು. ನಿರ್ದೇಶಕ ಸ್ಪಂಜಿನ ಬಡಿಗೆ ತರಿಸಿದ್ದ. ಕಾಕಾ ಅದನ್ನು ಒಂದು ಸಲ ಬೀಸಿ ನೋಡಿ ಮೂಲೆಗೆ ಎಸೆದರು. "ಇದಕ್ಕ ತೂಕ ಇಲ್ಲ. ಕೈ ಸುಳ್ಳ ಹೇಳತೈತಿ." ಬಾರಿಹಣ್ಣಿನ ಮರದ ಬಡಿಗೆಯೇ ಉಳಿಯಿತು.

ಅವರು ಕಲಿಸಿದ ಮುಖ್ಯ ಪಾಠ ಇದು: ಪೆಟ್ಟು ಹೊಡೆಯುವವನದಲ್ಲ, ತಿನ್ನುವವನದು. ತಿನ್ನುವವನು ಒಪ್ಪಿ ಉಸಿರು ಬಿಟ್ಟಾಗ ಮಾತ್ರ ಪೆಟ್ಟು ಬರಬೇಕು. ಅದಿಲ್ಲದಿದ್ದರೆ ಅದು ನಟನೆಯಲ್ಲ.

ನಮ್ಮ ಧಾರಾವಾಹಿಯ ಹೆಸರು ಹೇಳಿದರೆ ಈ ಕಡೆಯ ಜನ ಇಂದಿಗೂ ಮೊದಲು ನೆನೆಸುವುದು ಅಲ್ಲಿ ಸುಮ್ಮನೆ ಕುಳಿತವರನ್ನು. ಮಾತಿಲ್ಲದವರು ಕೂಡ ನಟಿಸುತ್ತಿದ್ದರು ಎನ್ನುತ್ತಾರೆ. ಸಾರವಾಡದ ಬಸ್ಸಿನಲ್ಲಿ ಇಬ್ಬರು ಹೆಂಗಸರು ನ್ಯಾಯಾಲಯದ ಟೈಪಿಸ್ಟಿನ ಕಣ್ಣಿನ ಬಗ್ಗೆ ಮಾತನಾಡಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಆ ಪಾತ್ರಕ್ಕೆ ಒಂದೇ ಒಂದು ಮಾತಿರಲಿಲ್ಲ. ಅದೆಲ್ಲ ಕಾಕಾನ ಕೆಲಸ. ಒಂದು ಗೋಣಿಚೀಲಕ್ಕೆ ಒದ್ದೆ ಹೊಟ್ಟು ತುಂಬಿಸಿ ಬದುವಿನ ಮೇಲೆ ಇಟ್ಟಿದ್ದರು. ನ್ಯಾಯಾಲಯದ ದೃಶ್ಯ ತೆಗೆಯುವ ಮೊದಲು ಪ್ರತಿಯೊಬ್ಬರೂ, ನ್ಯಾಯಾಧೀಶರ ಪಾತ್ರದವರೂ ಸೇರಿ, ಬಡಿಗೆಯಿಂದ ಅದನ್ನು ಹೊಡೆಯಬೇಕು.

"ಕೋರ್ಟಿನ್ಯಾಗ ಕುಂತಾವರ ಕಿವಿಯೊಳಗ ಆ ಸಪ್ಪಳ ಇರಬೇಕು," ಅನ್ನುತ್ತಿದ್ದರು. "ಸಪ್ಪಳಿಲ್ಲದ ಕುಂತ್ರ ಅದು ಕೋರ್ಟಲ್ಲ, ಬಸ್ ಸ್ಟ್ಯಾಂಡ್."

ಕಸ್ತೂರಿಬಾಯಿ ಮೊದಲು ಒಲ್ಲೆ ಅಂದಳು. ಆಮೇಲೆ ಒಂದು ಪೆಟ್ಟು ಹೊಡೆದಳು. ಆಮೇಲೆ ನಿಲ್ಲಿಸಲಿಲ್ಲ. ಬಳೆ ಒಡೆದು ಮುಂಗೈ ಹರಿದು ರಕ್ತ ಬಂದಾಗ ಕಾಕಾನೇ ಹೋಗಿ ಹಿಂದಿನಿಂದ ಅವಳ ಕೈ ಹಿಡಿದರು. "ಸಾಕ ಬಿಡವಾ, ಸತ್ತ." ಅವಳು ಅಲ್ಲೇ ಕುಳಿತು ನಕ್ಕಳು. ಯಾರನ್ನು ಹೊಡೆದಳೋ ನಾವು ಕೇಳಲಿಲ್ಲ. ನನ್ನ ಸರದಿಯೂ ಬಂತು. ನಾನು ನಾಲ್ಕು ಸಲ ಹೊಡೆದೆ ಎಂದು ಬರೆದುಕೊಂಡಿದ್ದೇನೆ. ಹೆಚ್ಚು ಹೊಡೆದಿರಬೇಕು, ರಟ್ಟೆ ಎರಡು ದಿನ ನೋಯಿತು.

ಕೊಲೆಗಾರನ ಪಾತ್ರ ಶಿವಾನಂದ ಮಾಸ್ತರರದು. ಸಾರವಾಡದವರು, ಬಬಲೇಶ್ವರದ ಹತ್ತಿರದ ಸರಕಾರಿ ಶಾಲೆಯಲ್ಲಿ ಮಾಸ್ತರಿಕೆ. ಇಲಾಖೆಯಿಂದ ಅನುಮತಿ ತಂದು ಭಾನುವಾರ, ರಜೆಯ ದಿನಗಳಲ್ಲಿ ಬರುತ್ತಿದ್ದರು. ನಲವತ್ತು ದಾಟಿದವರು, ಮೃದು, ಯಾರು ಬಂದರೂ ಎದ್ದು ನಿಲ್ಲುವವರು. ಮಾತು ಚೆನ್ನಾಗಿ ಹೇಳುತ್ತಿದ್ದರು. ಬಡಿಗೆ ಹಿಡಿದಾಗ ಮಾತ್ರ ಕೈ ಮಾತು ಕೇಳುತ್ತಿರಲಿಲ್ಲ. ಗೋಣಿಚೀಲವನ್ನೂ ಅವರು ಗದರಿಸಿದಂತೆ ಹೊಡೆಯುತ್ತಿದ್ದರು.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾಸ್ತರರು ಕಾಕಾನಿಗೆ ಒಂದು ವಿಷಯ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ, ಆದರೆ ಅದನ್ನು ನನಗೆ ಹೇಳಿದ್ದಲ್ಲ. ಹನ್ನೊಂದು ವರ್ಷದವರಿದ್ದಾಗ ಅವರು ಎತ್ತುಗಳನ್ನು ಬೇರೆಯವರ ಹೊಲಕ್ಕೆ ಬಿಟ್ಟುಬಿಟ್ಟಿದ್ದರಂತೆ. ಅಪ್ಪ ಅವರನ್ನು ಚಕ್ಕಡಿಯ ಗಾಲಿಗೆ ಕಟ್ಟಿ, ಓಣಿಯವರೆಲ್ಲ ನೋಡುತ್ತಿರುವಾಗ ಬಾರಕೋಲಿನಿಂದ ಹೊಡೆದ. ಬೆನ್ನಿನ ಚರ್ಮ ಅಂಗಿಗೆ ಅಂಟಿಕೊಂಡು, ಅಂಗಿ ಬಿಡಿಸಲು ಅವ್ವ ಬಿಸಿನೀರು ಹಾಕಬೇಕಾಯಿತು. ಅವರು ಚಣ್ಣದಲ್ಲೇ ಉಚ್ಚೆ ಹೊಯ್ದುಕೊಂಡಿದ್ದರು. ಕಾಕಾ ಕೈ ತೊಳೆಯದೆ ಎಡಗೈಯನ್ನು ಮಾಸ್ತರರ ಕತ್ತಿನ ಹಿಂದೆ ಇಟ್ಟು ಬಹಳ ಹೊತ್ತು ಹಾಗೇ ಕುಳಿತರು. ನನಗೆ ಅವರು ಆ ದಿನ ತುಂಬ ದೊಡ್ಡವರಾಗಿ ಕಂಡರು.

ಇನ್ನೊಂದು ದಿನದ ಬಗ್ಗೆಯೂ ಬರೆಯದಿದ್ದರೆ ಈ ಚಿತ್ರ ಸುಳ್ಳಾಗುತ್ತದೆ.

ಭಾನುವಾರ ಬೆಳಿಗ್ಗೆ. ಐದನೆಯ ಸಾಕ್ಷಿ ಹೇಳುವ ಕೊಲೆ, ಅಂದರೆ ಕೊನೆಯದು, ಎಲ್ಲಕ್ಕಿಂತ ಕ್ರೂರವಾದದ್ದು. ಕ್ಯಾಮೆರಾ ಇನ್ನೂ ಚಾಲೂ ಆಗಿರಲಿಲ್ಲ, ತಾಲೀಮು ನಡೆದಿತ್ತು. ಮಾಸ್ತರರು ನಾಲ್ಕು ಸಲ ಬಂದರು, ನಾಲ್ಕು ಸಲವೂ ಕಾಕಾ ಬೀಳಲಿಲ್ಲ. ಎದ್ದು ಮಂಡಿಯ ಮಣ್ಣು ಕೊಡವಿಕೊಂಡು ಹೇಳಿದರು:

"ಮಾಸ್ತರ, ನೀವು ಕೊಲಿ ಮಾಡಾಕತ್ತಿಲ್ರಿ. ಹಾಜರಿ ತಗೊಳಾಕತ್ತೀರಿ."

ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರು. "ಇನ್ನೊಂದ ಸಲ ನೋಡೂಣ್ರಿ ಕಾಕಾ."

"ಏನ್ ನೋಡ್ತೀರಿ? ನಿಮ್ಮ ಕೈಯಾಗ ಸಿಟ್ಟ ಇಲ್ಲ. ಎಲ್ಲಿಟ್ಟೀರಿ ಅನ್ನೂದು ನನಗ ಗೊತ್ತೈತಿ." ಆಮೇಲೆ ನಮ್ಮ ಕಡೆ ತಿರುಗಿ, ಪಾಠ ಹೇಳುವ ದನಿಯಲ್ಲಿಯೇ ಹೇಳಿದರು: "ಇವರಪ್ಪ ಇವರನ್ನ ಚಕ್ಕಡಿ ಗಾಲಿಗೆ ಕಟ್ಟಿ ಬಾರಕೋಲಲೆ ಹೊಡದಾನ. ಓಣಿ ಮಂದಿ ಮುಂದ. ಚಣ್ಣಾ ತೊಯ್ಸಿಕೊಂಡಾರ ಮಾಸ್ತರ. ಆ ಅಪ್ಪನ ಮಾರಿ ತಂದ ನನ್ನ ಮಾರಿ ಮ್ಯಾಲ ಇಡ್ರಿ. ಕೈ ತಾನ ಬರತೈತಿ."

ಲೈಟಿನವರಲ್ಲಿ ಒಬ್ಬ ಕಿಸಕ್ಕೆಂದ. ಮಾಸ್ತರರ ಮುಖದಲ್ಲಿ ಆಗ ಇದ್ದದ್ದೇನು ಎಂದು ಬಹಳ ಸಲ ಯೋಚಿಸಿದ್ದೇನೆ. ಸಿಟ್ಟು ಎಂದು ಬರೆದರೆ ಸುಲಭವಾಗುತ್ತದೆ. ನನಗೆ ಕಂಡದ್ದು ಬರಿ ಕೆಂಪು. ಅವರು ಬಡಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಶೆಡ್ಡಿನ ಗೋಡೆಯ ತನಕ ನಡೆದುಹೋದರು. ಕಾಕಾ ಬದುವಿನ ಮೇಲೆ ಮಂಡಿಯೂರಿದರು. ನಾನು ಪುಟ ತಿರುಗಿಸಿ ಮೇಲೆ 'ಐದು' ಎಂದು ಬರೆದೆ. ತಲೆ ಎತ್ತಿದೆ.

ಮಾಸ್ತರರ ಕಾಲು ಕಂಡವು. ಬರಿಗಾಲು. ಅವು ಬದುವಿನ ಎಡಗಡೆ ಇದ್ದವು.

ಕಾಕಾನಿಗೆ ಏನೂ ಕೇಳಿಸಿರಲಿಲ್ಲ. ಅವರು ಬಲಗಡೆಯ ಹೆಜ್ಜೆಗಾಗಿ ಕಾಯುತ್ತ, ಉಸಿರನ್ನು ಒಳಗೇ ಹಿಡಿದು ಕುಳಿತಿದ್ದರು. ಬಡಿಗೆ ಅವರ ಸತ್ತ ಕಿವಿಯ ಮೇಲೆ ಬಿತ್ತು. ಆ ಸದ್ದು ಗೋಣಿಚೀಲದ್ದಾಗಿರಲಿಲ್ಲ. ಚಿಕ್ಕದು, ಒಣಗಿದ್ದು. ಅವರು ಕತ್ತು ಹೊರಳಿಸಲಿಲ್ಲ, ಬಾಯಿಂದ ದನಿ ತೆಗೆಯಲಿಲ್ಲ, ಅವರಿಗೆ ಗೊತ್ತಿದ್ದ ಯಾವ ಬಗೆಯಲ್ಲೂ ಬೀಳಲಿಲ್ಲ. ಕುಳಿತವರು ಹಾಗೇ ಪಕ್ಕಕ್ಕೆ ವಾಲಿ ಬದುವಿನಿಂದ ಕೆಳಗೆ ಜಾರಿದರು. ಕಿವಿಯಿಂದ, ಮೂಗಿನಿಂದ ರಕ್ತ ಬಂತು. ನಿರ್ದೇಶಕ ದೂರದಿಂದ, "ಸೂಪರ್, ಇದೇ ಬೇಕಾಗಿತ್ತು," ಅಂದ. ಮಾಸ್ತರರು ಬಡಿಗೆಯನ್ನು ಇನ್ನೊಮ್ಮೆ ಎತ್ತಿದ್ದರು. ಇಳಿಸಲಿಲ್ಲ. ಕಸ್ತೂರಿಬಾಯಿ ಓಡಿಹೋಗಿ ಅವರ ಎದೆಗೆ ಎರಡೂ ಕೈ ಇಟ್ಟು ತಳ್ಳಿದಳು.

ನೋಟುಪುಸ್ತಕದಲ್ಲಿ 'ಐದು' ಎಂಬುದರ ಕೆಳಗೆ 'ಎಡ' ಎಂದಿದೆ. ಅಂಥ ಹೊತ್ತಿನಲ್ಲಿ ಅದನ್ನು ಯಾವಾಗ ಬರೆದೆನೋ ಗೊತ್ತಿಲ್ಲ. ಅಕ್ಷರ ನನ್ನದೇ.

ವಿಜಯಪುರದ ದವಾಖಾನೆಗೆ ಒಯ್ದೆವು. ತಲೆಬುರುಡೆ ಎಡಗಡೆ ಸೀಳಿತ್ತು. ಮರುದಿನ ಎಚ್ಚರವಾಯಿತು. ದವಾಖಾನೆಯವರು ಪೊಲೀಸರಿಗೆ ತಿಳಿಸಿದ್ದರು, ಮಧ್ಯಾಹ್ನ ಜಮಾದಾರರು ಹೇಳಿಕೆ ತೆಗೆದುಕೊಳ್ಳಲು ಬರುವವರಿದ್ದರು. ಕೇಸಾದರೆ ಮಾಸ್ತರರನ್ನು ಒಯ್ಯುತ್ತಾರೆ, ಒಳಗೆ ಎರಡು ದಿನ ಇದ್ದರೆ ಸರಕಾರಿ ನೌಕರಿಗೆ ಅಮಾನತು, ಶಿಕ್ಷೆಯಾದರೆ ನೌಕರಿಯೇ ಹೋಗುತ್ತದೆ. ಇದನ್ನು ನಮಗೆಲ್ಲ ವಿವರಿಸಿದವನು ಮಲ್ಲಣ್ಣ. ಬಬಲೇಶ್ವರದಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಧಾರಾವಾಹಿಯಲ್ಲಿ ವಕೀಲ. ಕಾನೂನು ಅವನಿಗೆ ಧಾರಾವಾಹಿಯವರು ಬರೆದುಕೊಟ್ಟ ಮಾತಿನಿಂದ ಬಂದದ್ದು, ಆದರೆ ಆ ದಿನ ಅವನ ಮಾತು ಸರಿಯಾಗಿಯೇ ಇತ್ತು.

ಕಾಕಾ ನಮ್ಮನ್ನೆಲ್ಲ ಹಾಸಿಗೆಯ ಸುತ್ತ ಕರೆದರು. ತಲೆಗೆ ಪಟ್ಟಿ, ಒಂದು ಕಣ್ಣು ಊದಿ ಮುಚ್ಚಿತ್ತು. ಇನ್ನೊಂದು ಕಣ್ಣಿನಿಂದ ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು. ಮಾಸ್ತರರು ಬಾಗಿಲ ಹತ್ತಿರ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು.

"ನಾ ಬದುವಿನ ಮ್ಯಾಲಿಂದ ಜಾರಿ ಕಲ್ಲಿನ ಮ್ಯಾಲ ಬಿದ್ದೀನಿ," ಅಂದರು ಕಾಕಾ. "ಆದ್ರ ಎಲ್ಲಾರೂ ಅದನ್ನ ಹೇಳಬಾರದು. ಎಲ್ಲಾರೂ ಒಂದ ಮಾತು ಹೇಳಿದ್ರ ಜಮಾದಾರ ಅಲ್ಲೇ ಹಿಡಿತಾನ. ಒಬ್ಬರದು ಒಬ್ಬರಿಗೆ ಸ್ವಲ್ಪ ಕೂಡಬಾರದು. ಖರೇ ಮಾತು ಹಂಗ ಇರತೈತಿ."

ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಮಾತು ಹಂಚಿದರು. ಪಾತ್ರ ಹಂಚುವಂತೆಯೇ. "ಕಸ್ತೂರಿ, ನೀ ಅಳಾಕತ್ತಿದ್ದಿ, ಸೆರಗು ಮಾರಿ ಮ್ಯಾಲಿತ್ತು, ಸಪ್ಪಳ ಅಷ್ಟ ಕೇಳಿದಿ. ಮಲ್ಲಣ್ಣ, ನನ್ನ ಕಾಲಿಗೆ ವೈರ್ ತೊಡಕಿದ್ದು ನೋಡಿದಿ, ಮುಂದಿಂದು ನೋಡಿಲ್ಲ. ನಿರ್ದೇಶಕರ, ನೀವು ನೆರಳಿಗಿದ್ರಿ, ನಿಮಗ ಏನೂ ಗೊತ್ತಿಲ್ಲ, ಅದು ನಿಮಗ ಕಷ್ಟ ಆಗೂದಿಲ್ಲ." ಟೈಪಿಸ್ಟಿನ ಪಾತ್ರದವನಿಗೆ, ಕಲ್ಲು ಬದುವಿನ ಮೇಲಿತ್ತೋ ಕೆಳಗಿತ್ತೋ ನೆನಪಿಲ್ಲ ಎನ್ನಬೇಕೆಂದರು. ಆಮೇಲೆ ನನ್ನ ಕಡೆ ನೋಡಿದರು.

"ಏನ್ ಬರದಿ ಯವ್ವಾ?"

"ಎಡ ಅಂತ."

"ಬರದದ್ದ ಅಳಸಬ್ಯಾಡ. ಯಾರೂ ಕೇಳದ ತೋರಸಬ್ಯಾಡ. ನೀ ಬರಿಯಾಕತ್ತಿದ್ದಿ, ತಲಿ ಎತ್ತೂದ್ರಾಗ ನಾ ಬಿದ್ದಿದ್ದೆ."

ಬಾಗಿಲ ಹತ್ತಿರದಿಂದ ಮಾಸ್ತರರು, "ಕಾಕಾ, ನಾ ಏನ್ ಹೇಳ್ಲಿ?" ಅಂದರು.

ಕಾಕಾ ಕಣ್ಣು ಮುಚ್ಚಿಕೊಂಡರು. "ನಿಮಗೇನೂ ಇಲ್ಲ ಮಾಸ್ತರ. ಕೇಳಿದ್ರ ಸುಮ್ನ ನಿಲ್ರಿ."

ಜಮಾದಾರರು ಒಳ್ಳೆಯ ಮನುಷ್ಯ, ನಮ್ಮ ಧಾರಾವಾಹಿ ನೋಡುತ್ತಿದ್ದರು. ಮಲ್ಲಣ್ಣನನ್ನು ಕಂಡೊಡನೆ, "ಬರ್ರಿ ವಕೀಲ ಸಾಹೇಬ್ರ," ಎಂದು ಸ್ಟೂಲು ಎಳೆದರು. ಆಮೇಲೆ ದನಿ ಬದಲಾಯಿತು. "ಡಾಕ್ಟರ್ ಬಿದ್ದ ಗಾಯಾ ಹಿಂಗ ಇರೂದಿಲ್ಲ ಅಂತಾರ. ಯಾರೋ ಹೊಡದಾರ, ಹೌದಲ್ಲರಿ?"

ಮಲ್ಲಣ್ಣ ಎದ್ದು ನಿಂತು, ಎದೆಯ ಮೇಲಿಲ್ಲದ ಕಪ್ಪು ಕೋಟನ್ನು ಸರಿಮಾಡಿಕೊಂಡು, "ಆಕ್ಷೇಪಣೆ ಐತ್ರಿ. ಉತ್ತರಾ ನೀವ ಬಾಯಾಗ ಇಡಾಕತ್ತೀರಿ," ಅಂದ. ಜಮಾದಾರರು ಅವನನ್ನೇ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾನೂ ನಗಲು ಹೋಗಿ ನೋವಿನಿಂದ ಕೂಗಿಕೊಂಡರು.

ಉಳಿದದ್ದು ಸಲೀಸಾಗಿ ನಡೆಯಿತು. ಕಸ್ತೂರಿಬಾಯಿ ಸೆರಗನ್ನು ಹೇಗೆ ಹಿಡಿದಿದ್ದಳೆಂದು ತೋರಿಸುತ್ತ ನಿಜವಾಗಿಯೇ ಅತ್ತಳು. ಟೈಪಿಸ್ಟಿನವನು ಕಲ್ಲಿನ ಬಗ್ಗೆ ಮೂರು ಸಲ ಮಾತು ಬದಲಿಸಿದ. ನಿರ್ದೇಶಕ ತನಗೇನೂ ತಿಳಿಯದೆಂದ. ನಾನು ನನ್ನ ಮಾತು ಹೇಳಿದೆ. ಹೇಳುವಾಗ ಎಷ್ಟು ಸಹಜವಾಗಿತ್ತೆಂದರೆ ಆ ಬರಿಗಾಲುಗಳು ಒಂದು ಗಳಿಗೆ ನನ್ನ ಕಣ್ಣಿನಿಂದಲೇ ಹೋಗಿದ್ದವು. ಒಬ್ಬರು ಮಾತನಾಡುವಾಗ ಉಳಿದವರೆಲ್ಲ ಕೇಳುತ್ತಿದ್ದರು, ಎಂದೂ ಕೇಳದಷ್ಟು. ಒಂದು ವರ್ಷದಲ್ಲಿ ಕಾಕಾ ನಮಗೆ ಕಲಿಸಲು ಹೆಣಗಿದ್ದು ಆ ಅರ್ಧ ತಾಸಿನಲ್ಲಿ ಬಂದಿತ್ತು. ಕೊನೆಗೆ ಕಾಕಾ ಹೇಳಿದರು: "ನಾನ ಬಿದ್ದೇನ್ರಿ ಸಾಹೇಬ್ರ. ಮೂವತ್ತ ವರ್ಷ ಬಿದ್ದೀನಿ, ಅವತ್ತೊಂದಿನ ಬೀಳಾಕ ಬರಲಿಲ್ಲ." ಜಮಾದಾರರು ಕಾಗದ ಮಡಚಿದರು. ಮಾಸ್ತರರನ್ನು ಅವರು ಏನೂ ಕೇಳಲಿಲ್ಲ.

ಅದು ಕ್ಷಮೆ ಎಂದು ನಾವೆಲ್ಲ ತಿಳಿದೆವು. ಕಾಕಾ ದೊಡ್ಡ ಮನಸ್ಸಿನವರು ಎಂದು ಹೊರಗೆ ಬಂದು ಚಹಾ ಕುಡಿಯುತ್ತ ಮಾತಾಡಿಕೊಂಡೆವು. ಗಾಲಿಗೆ ಕಟ್ಟಿದ ಮಗುವಿನ ಮಾತನ್ನು ಎಲ್ಲರ ಮುಂದೆ ಎಳೆದದ್ದಕ್ಕೆ ಅವರೊಳಗೆ ನಾಚಿಕೆಯಿತ್ತೇನೋ, ಅದನ್ನು ಹೀಗೆ ತೀರಿಸಿಕೊಂಡರೇನೋ ಎಂದೂ ನಾನು ಯೋಚಿಸಿದೆ. ಒಮ್ಮೆ ಕೇಳಿಯೂ ಕೇಳಿದೆ. "ಅವತ್ತ ಆ ಮಾತ ಯಾಕ ತಗದ್ರಿ ಕಾಕಾ?" ಅವರು ಹೇಳಿದರು: "ಬೇಕಾಗಿತ್ತು, ತಗದೆ. ಬಂತಲ್ಲ ಸಿಟ್ಟು." ಪಶ್ಚಾತ್ತಾಪ ಇರಲಿಲ್ಲ. ಹಾಗೆಂದು ಬರೆದುಕೊಂಡಿದ್ದೇನೆ, ಆದರೆ ಅವರ ಮುಖ ಹೇಗಿತ್ತೆಂದು ಬರೆದಿಲ್ಲ.

ಶೂಟಿಂಗು ಮುಂದುವರಿಯಿತು. ಐದನೆಯ ಕೊಲೆಯನ್ನು ತೆಗೆಯಲೇ ಇಲ್ಲ, ಮಾತಿನಲ್ಲೇ ಮುಗಿಸಿದರು. ಕೊನೆಯ ಸಂಚಿಕೆಯಲ್ಲಿ ನ್ಯಾಯಾಧೀಶರು ಶಿಕ್ಷೆ ಓದುತ್ತಾರೆ, ಮಾಸ್ತರರು ಕಟಕಟೆಯಲ್ಲಿ ನಿಂತಿದ್ದಾರೆ, ನಾವೆಲ್ಲ ಸುತ್ತ ಕುಳಿತಿದ್ದೇವೆ. ನನ್ನನ್ನೂ ಜನರ ನಡುವೆ ಕೂರಿಸಿದ್ದರು. ಯಾರೂ ಅವರ ಮುಖ ನೋಡುವುದಿಲ್ಲ. ಕಸ್ತೂರಿಬಾಯಿ ತನ್ನ ಮುಂಗೈ ನೋಡುತ್ತಾಳೆ, ಮಲ್ಲಣ್ಣ ಕಾಗದ ಜೋಡಿಸುತ್ತಾನೆ, ಟೈಪಿಸ್ಟಿನ ಬೆರಳು ನಿಲ್ಲುತ್ತದೆ. ಆ ಸಂಚಿಕೆಯನ್ನು ಜನ ಬಹಳ ಹೊಗಳಿದರು, ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಮಾಡಿದ್ದಾರೆ ಅಂದರು. ಹೊನವಾಡದಲ್ಲಿ ಅದನ್ನು ಕಾಕಾನ ಜೊತೆ ಕುಳಿತು ನೋಡಿದೆ. ಆಗಲೇ ಅವರ ನಡಿಗೆ ವಾಲುತ್ತಿತ್ತು. ಮುಗಿದ ಮೇಲೆ, "ಈಗ ಕೇಳಾಕತ್ತೀರಿ ನೋಡ್ರಿ," ಅಂದರು. ಖುಷಿಯಾಗಿದ್ದರು. ನಾನು ಊಟಕ್ಕೆ ನಿಲ್ಲದೆ ಬಸ್ಸಿಗೆ ಹೊರಟೆ.

ಪೆಟ್ಟು ಬಿದ್ದ ಎಂಟು ತಿಂಗಳಿಗೆ ಲಕ್ವಾ ಹೊಡೆಯಿತು, ಮೂರು ದಿನದಲ್ಲಿ ತೀರಿಕೊಂಡರು. ಆ ಪೆಟ್ಟಿನಿಂದಲೇ ಎಂದು ಡಾಕ್ಟರು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಹೊನವಾಡದ ತೋಟದಲ್ಲಿ ಮಣ್ಣು ಮಾಡಿದರು. ಮಾಸ್ತರರು ಬಂದಿದ್ದರು, ಎಲ್ಲರಿಗಿಂತ ಹಿಂದೆ ನಿಂತಿದ್ದರು, ಮಣ್ಣು ಹಾಕಲು ಮುಂದೆ ಬರಲಿಲ್ಲ.

ಕಳೆದ ಸೋಮವಾರ, ಶಾಲೆ ಬಿಟ್ಟ ಹೊತ್ತಿಗೆ, ಅವರ ಸ್ಕೂಟರು ಜಲನಗರದ ನಮ್ಮ ಮನೆಯ ಮುಂದೆ ನಿಂತಿತು. ಅಂಗಿಯ ತೋಳಿನ ಮೇಲೆ ಸುಣ್ಣದ ಕಡ್ಡಿಯ ಪುಡಿ ಇತ್ತು. ಕೂರಲಿಲ್ಲ. ನಾನು ನೀರು ತಂದಿಟ್ಟೆ, ಮುಟ್ಟಲಿಲ್ಲ.

"ಎಲ್ಲಾರ ಕಡೆ ಹೋಗಿ ಬಂದೇನ್ರಿ ಮೇಡಂ," ಅಂದರು. "ಕಸ್ತೂರಿಬಾಯಿ ಸೆರಗು ಮಾರಿ ಮ್ಯಾಲಿತ್ತು ಅಂತಾಳ. ಮಲ್ಲಣ್ಣ ವೈರ್ ಅಂತಾನ. ನಿರ್ದೇಶಕರಿಗೆ ಫೋನ್ ಮಾಡಿದೆ, ಯಾವ ದಿನದ್ದು ಅಂತ ಕೇಳ್ತಾರ. ಟೈಪಿಸ್ಟ ಇನ್ನೂ ಕಲ್ಲಿಂದ ಹೇಳಾಕತ್ತಾನ. ನಾ ಅವರಿಗೆ ಹೇಳ್ದೆ, ನಾ ಪೊಲೀಸ ಅಲ್ಲರೀ, ನಾ ಹೊಡದಾಂವ, ನನ್ನ ಮುಂದರ ಖರೇ ಹೇಳ್ರಿ ಅಂದೆ. ಯಾರೂ ಬಾಯಿ ಬಿಡವಲ್ರು. ಒಮ್ಮೊಮ್ಮೆ ನನಗ ಅನಸ್ತೈತಿ, ನಾ ಹೊಡದಿಲ್ಲ, ಅವರ ಬಿದ್ದಾರ. ಹಂಗಾದ್ರ ನನ್ನ ಕೈಗೆ ಆ ಸಪ್ಪಳ ಯಾಕ ಗೊತ್ತೈತಿ?"

ನನಗೆ ನನ್ನ ಮಾತು ಬಾಯಿಪಾಠವಿತ್ತು. ಬರೆಯುತ್ತಿದ್ದೆ, ತಲೆ ಎತ್ತುವಷ್ಟರಲ್ಲಿ ಬಿದ್ದಿದ್ದರು. ಅಷ್ಟು ಸಲ ಹೇಳಿದ್ದರಿಂದ ಅದು ನಿಜದಷ್ಟೇ ಗಟ್ಟಿಯಾಗಿತ್ತು. ಅದನ್ನೇ ಹೇಳಲು ಬಾಯಿ ತೆರೆದೆ.

"ಎಡಗಡೆಯಿಂದ ಬಂದ್ರಿ," ಅಂದೆ. "ಬರಿಗಾಲಲೆ. ಒಂದ ಪೆಟ್ಟು ಹೊಡದ್ರಿ. ಇನ್ನೊಂದಕ್ಕ ಎತ್ತಿದ್ರಿ."

ಮಾಸ್ತರರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮುಖ ಸಡಿಲಾಯಿತು, ಬಹಳ ದಿನಗಳಿಂದ ಬಿಗಿದದ್ದನ್ನು ಯಾರೋ ಬಿಚ್ಚಿದಂತೆ. "ಹೌದ್ರಿ," ಅಂದರು. "ಹಂಗ ಆತು. ಆ ಕಿವಿ ಕೇಳಸೂದಿಲ್ಲ ಅಂತ ಗೊತ್ತಿದ್ದ ಹೋಗೇನಿ. ಗ್ವಾಡಿ ತನಾ ನಡಕೋತ ಹೋದಾಗ ಗೊತ್ತಿತ್ತು." ಆಮೇಲೆ ಕೇಳಿದರು: "ಕಾಕಾಗ ಗೊತ್ತಿತ್ತೇನ್ರಿ? ಮರತ ಬಂದಾನ ಅಂತ ತಿಳದಿದ್ರೋ, ಬೇಕಂತ ಬಂದಾನ ಅಂತ?"

"ಗೊತ್ತಿತ್ತು ಮಾಸ್ತರ."

"ಹೆಂಗ ಹೇಳ್ತೀರಿ?"

"ಐದು ಮಂದಿಗೂ ಒಂದೊಂದ ಮಾತು ಕೊಟ್ರಲ್ಲ. ನಿಮಗ ಕೊಡಲಿಲ್ಲ. ಮರತ ಬಂದಾನ ಅಂತ ತಿಳದಿದ್ರ ನಿಮಗೂ ಒಂದು ಕೊಡತಿದ್ರು."

ಅವರು ತಲೆ ಆಡಿಸಿದರು, ನಿಧಾನವಾಗಿ, ತಡವಾಗಿ ಅರ್ಥವಾದ ವಿದ್ಯಾರ್ಥಿಯಂತೆ. ರಸ್ತೆಯಲ್ಲಿ ಮಕ್ಕಳ ಆಟೋ ಒಂದು ನಿಂತು ಹೋಯಿತು.

"ಠಾಣೆ ಎಷ್ಟ ಗಂಟೆ ತನಕ ತಗದಿರತೈತ್ರಿ?"

"ಠಾಣೆ ಮುಚ್ಚೂದಿಲ್ರಿ ಮಾಸ್ತರ."

ಅವರು ಈಗ ನೀರು ಕುಡಿದರು, ಲೋಟ ಖಾಲಿಯಾಗುವ ತನಕ. ಹೆಲ್ಮೆಟ್ ಹಾಕಿಕೊಂಡು ಗದ್ದದ ಕೆಳಗೆ ಪಟ್ಟಿ ಬಿಗಿದುಕೊಂಡರು. ನಾನು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು, ಬಾಗಿಲಿಗೆ ಕೀಲಿ ಹಾಕಿ, ಸ್ಕೂಟರಿನ ಹಿಂದೆ ಕುಳಿತೆ.